ಹಡಗಿಗೆ ಹೊಲಿದ ಗಾದಿ

೬ ನವೆಂಬರ್ ೧೯೮೩, ಭಾನುವಾರ

ಖುದ್ದೂಸ್‌ನ ಲಕೋಟೆ ನಿನ್ನೆ ಬಂತು. ಒಳಗೆ ಒಂದು ಹಾಳೆ ಕಾಗದ, ಮೂರು ಬಣ್ಣದ ಚಿತ್ರ. ಕಾಗದವನ್ನು ಹಿರಿಯ ಮಗ ಜಮಾಲ್ ಎಲ್ಲರಿಗೂ ಕೇಳುವಂತೆ ಓದಿದ. ಚಿತ್ರಗಳನ್ನು ನಾನು ಮಡಿಲಲ್ಲಿ ಇಟ್ಟುಕೊಂಡೆ, ಯಾರಿಗೂ ಬೇಗ ಕೊಡಲಿಲ್ಲ.

ನನ್ನ ಕಿರಿಯ ಮಗ ಸಿಂಗಪುರದಲ್ಲಿ ಹಡಗು ರಿಪೇರಿ ಮಾಡುವ ಕಡೆ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಒಂದು ಸಲವೂ ಬಂದಿಲ್ಲ. ಪ್ರತಿ ವರ್ಷ ರಜೆ ಹತ್ತಿರ ಬಂದಾಗ ಓವರ್‌ಟೈಮ್ ಸಿಕ್ಕಿತು ಎಂದು ಬರೆಯುತ್ತಾನೆ. ಈ ಸಲ ಬರೆದದ್ದು ಬೇರೆ. ಏಪ್ರಿಲ್‌ನಲ್ಲಿ ಜೊತೆಯವನೊಬ್ಬ ಊರಿಗೆ ಹೋಗುತ್ತಾನಂತೆ, ಅವನ ಎರಡು ಕೋಣೆಯ ಮನೆ ಖಾಲಿ ಇರುತ್ತದಂತೆ. ನೀವೆಲ್ಲರೂ ಬನ್ನಿ, ಮದರಾಸಿನಿಂದ ಹಡಗಿದೆ, ಕೆಳಗಿನ ಕ್ಲಾಸು ಅಗ್ಗ, ಅರ್ಧ ನಾನು ಹಾಕುತ್ತೇನೆ. ಇಲ್ಲಿ ಸೆಂತೋಸಾ ಎಂಬ ದ್ವೀಪವಿದೆ, ದ್ವೀಪಕ್ಕೆ ದ್ವೀಪವೇ ಆಟಕ್ಕೆ, ನೋಟಕ್ಕೆ ಅಂತ ಮಾಡಿಟ್ಟಿದ್ದಾರೆ, ಅಮ್ಮ ನೋಡಲೇಬೇಕು.

ಮೊದಲನೆಯ ಚಿತ್ರದಲ್ಲಿ ಸಮುದ್ರದ ಮೇಲೆ ತಂತಿ, ತಂತಿಗೆ ತೂಗುಬಿಟ್ಟ ಡಬ್ಬಿ, ಡಬ್ಬಿಯೊಳಗೆ ಮನುಷ್ಯರು. ಎರಡನೆಯದರಲ್ಲಿ ಸಂಜೆ ಹೊತ್ತಿನ ಕಾರಂಜಿ, ಹಾಡು ಹಾಕಿದರೆ ನೀರು ಕುಣಿಯುತ್ತದಂತೆ, ಕೆಂಪು, ಹಳದಿ, ನೀಲಿ. ಮೂರನೆಯದು ಅದೇ ಊರಿನ ಇನ್ನೊಂದು ಕಡೆಯ ಹಕ್ಕಿಗಳ ತೋಟ, ಅದರ ನಡುವೆ ಮನುಷ್ಯರೇ ಕಟ್ಟಿದ ಜಲಪಾತ. ಎಷ್ಟು ಹೊತ್ತು ನೋಡಿದರೂ ತೃಪ್ತಿಯಾಗಲಿಲ್ಲ. ಅಲ್ಲಾಹನು ಮನುಷ್ಯನ ತಲೆಯೊಳಗೆ ಏನೇನು ಇಟ್ಟು ಕಳಿಸಿದ್ದಾನೆ.

ಎದುರು ಮನೆಯ ಬಸವಣ್ಣೆಮ್ಮ ಬಂದು ನೋಡಿದಳು. ಹತ್ತಿ ಮಂಡಿಯವರ ಮನೆಯಾಕೆ, ನನಗೆ ಕನ್ನಡ ಅಕ್ಷರ ತಿದ್ದಿಸಿದವಳು. ಗಾದಿ ಬಟ್ಟೆಯ ಥಾನಿನ ಮೇಲೆ ಮಿಲ್ಲಿನವರು ಒತ್ತಿದ ಹೆಸರೇ ನನ್ನ ಮೊದಲ ಪುಸ್ತಕ.

"ಜೋಗಕ್ಕೆ ಒಂದು ಸಲಾನೂ ಹೋಗಿಲ್ಲ ನೀನು. ನಲ್ಲಿ ನೀರಿನ ಜಲಪಾತ ನೋಡಾಕ ಸಮುದ್ರ ದಾಟ್ತೀಯಾ ಹಜೀರಕ್ಕ?"

"ಜೋಗದಾಗ ನನ್ನ ಮಗ ಇಲ್ವಲ್ಲವ್ವ," ಎಂದೆ.

ಅಷ್ಟೇ ವಿಷಯ. ಖುದ್ದೂಸ್‌ನ ಮುಖವನ್ನು ಕಣ್ತುಂಬ ನೋಡಬೇಕು.

೨೦ ನವೆಂಬರ್, ಭಾನುವಾರ

ಹನ್ನೆರಡು ಜನ. ನಾನು, ಜಮಾಲ್, ಅವನ ಹೆಂಡತಿ ರಶೀದಾ, ಅವರ ನಾಲ್ಕು ಮಕ್ಕಳು. ಹರಿಹರದಿಂದ ಎರಡನೆಯವನು ಖಾಜಾ ಹುಸೇನ್, ಅವನ ಹೆಂಡತಿ ಫಕ್ರುನ್ನೀಸಾ, ಮೂರು ಮಕ್ಕಳು. ಖಾಜಾ ಕಾರ್ಖಾನೆಯಲ್ಲಿ ರಜೆ ಕೂಡಿಟ್ಟಿದ್ದಾನೆ. ನಮ್ಮ ಪಾಲಿನ ಅರ್ಧಕ್ಕೆ ದಾರಿಯೂ ತಾನಾಗಿ ತೆರೆಯಿತು. ಹೊಸ ಹಾಸ್ಟೆಲ್ ಒಂದರ ಗಾದಿಗಳ ಆರ್ಡರ್ ಜಮಾಲ್‌ಗೆ ಸಿಕ್ಕಿದೆ. ಮನೆ ಮಂದಿಯೆಲ್ಲ ಸೇರಿ ಹೊಲಿದರೆ ಕೂಲಿ ಹೊರಗೆ ಹೋಗುವುದಿಲ್ಲ, ಮಾರ್ಚಿಗೆ ಮುಗಿಯುತ್ತದೆ.

ಹಾಗಾಗಿ ಇಡೀ ಮನೆ ಹತ್ತಿಯಾಗಿದೆ. ಸಾರಿನಲ್ಲಿ ಹತ್ತಿ, ಮಕ್ಕಳ ರೆಪ್ಪೆಯಲ್ಲಿ ಹತ್ತಿ. ಹಿಂಜುವ ಯಂತ್ರದ ಕೋಣೆಯಲ್ಲಿ ಜಮಾಲ್, ಅಂಗಳದಲ್ಲಿ ನಾವು ಹೆಂಗಸರು ದಬ್ಬಣ ಹಿಡಿದು. ರಶೀದಾಳ ಹೊಲಿಗೆ ನನಗೆ ಹಿಡಿಸುವುದಿಲ್ಲ. ಒತ್ತೊತ್ತಾಗಿ ಹಾಕುತ್ತಾಳೆ, ದಾರ ಹಾಳು. ಹೇಳಿದರೆ ಹೂಂ ಎನ್ನುತ್ತಾಳೆ, ಮತ್ತೆ ಹಾಗೇ ಹಾಕುತ್ತಾಳೆ. ಹದಿನೈದು ವರ್ಷದಿಂದ ಈ ಮನೆಯಲ್ಲಿದ್ದಾಳೆ. ಕೇಳಿದ್ದಕ್ಕೆ ಹೂಂ, ಕೇಳದ್ದಕ್ಕೆ ಅದೂ ಇಲ್ಲ. ಬಾಯಿ ಇಲ್ಲದ ಸೊಸೆ ಪುಣ್ಯ ಎಂದು ಬಸವಣ್ಣೆಮ್ಮ ಹೇಳುತ್ತಾಳೆ. ಗೋಡೆಯ ಜೊತೆ ಸಂಸಾರ ಮಾಡಿದಂತೆ ಎಂದು ನಾನು.

ಮುನಿಸಿಪಾಲಿಟಿಯವರು ಓಣಿಯ ದೀಪಕ್ಕೆ ಹೊಸ ಥರದ ಬಲ್ಬು ಹಾಕಿದ್ದಾರೆ. ಸುತ್ತ ಕಾಮನಬಿಲ್ಲಿನ ಬಳೆ ಕಾಣುತ್ತದೆ. ಎಷ್ಟು ಚಂದ. ಸಿಂಗಪುರ ಹೀಗೇ ಇರಬಹುದು.

೯ ಡಿಸೆಂಬರ್, ಶುಕ್ರವಾರ

ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದೆವು. ಸ್ಟುಡಿಯೋದವನು "ಅಮ್ಮಾರೇ, ಈ ಕಡೆ ನೋಡ್ರಿ, ಈ ಕಡೆ" ಎಂದು ಎರಡು ಸಲ ಕೂಗಿದ. ನಾನು ನೋಡುತ್ತಿದ್ದದ್ದು ಕ್ಯಾಮರಾವನ್ನೇ ಅಂದುಕೊಂಡಿದ್ದೆ, ಅದು ದೀಪಕ್ಕೆ ಕಟ್ಟಿದ ಕೊಡೆಯಂತೆ. ಕತ್ತಲೆಯಲ್ಲಿ ಸ್ಟುಡಿಯೋ ಇಟ್ಟರೆ ಇನ್ನೇನಾಗುತ್ತದೆ.

ಇವತ್ತು ನನಗೊಂದು ಯೋಚನೆ ಬಂತು. ಹಡಗಿನ ಕೆಳಗಿನ ಕ್ಲಾಸಿನಲ್ಲಿ ಮಲಗಲು ಕೊಡುವುದು ಕಬ್ಬಿಣದ ಮಂಚವಂತೆ, ಮೇಲೆ ಹೆಸರಿಗೊಂದು ಹಾಸು. ಒಂದು ವಾರದ ದಾರಿ. ಮೂರು ತಲೆಮಾರಿನಿಂದ ಊರಿಗೆಲ್ಲ ಗಾದಿ ಹೊಲಿದುಕೊಟ್ಟ ಪಿಂಜಾರರ ಮನೆಯವರು ಕಬ್ಬಿಣದ ಮೇಲೆ ಮಲಗಿ ಸಮುದ್ರ ದಾಟುವುದೇ? ತೆಳುವಾಗಿ, ಸುರುಳಿ ಸುತ್ತಿ ಹೆಗಲಿಗೆ ಹಾಕುವಂತೆ ಒಬ್ಬೊಬ್ಬರಿಗೆ ಒಂದು ಗಾದಿ ಹೊಲಿಯಬೇಕು.

"ಅಮ್ಮಾ, ಹನ್ನೆರಡು ಗಾದಿ ಹೊತ್ಕೊಂಡು ಬಂದರ ಅಲ್ಲಿಯೋರು ಮಾರಾಕ ಬಂದಾರೆ ಅನ್ಕೊಂತಾರ," ಎಂದ ಜಮಾಲ್.

"ಕೇಳಿದ್ರ ಮಾರಿ ಬಾ."

ಒಪ್ಪಿದ. ಈಗಿನ ದಬ್ಬಣಗಳಿಗೆ ಕಣ್ಣನ್ನೇ ಸರಿಯಾಗಿ ಕೊರೆಯುವುದಿಲ್ಲ. ದಾರ ಪೋಣಿಸಲು ಮಕ್ಕಳನ್ನು ಕರೆಯಬೇಕಾಗಿದೆ.

೧ ಜನವರಿ ೧೯೮೪

ಮಕ್ಕಳನ್ನೆಲ್ಲ ಚಾಪೆಯ ಮೇಲೆ ಮಲಗಿಸಿ ದಾರದಿಂದ ಅಳತೆ ತೆಗೆದೆ. ನಿಂತು ಅಳೆದರೆ ಉಪಯೋಗವಿಲ್ಲ, ಮಲಗಿದಾಗ ಮನುಷ್ಯ ಬೇರೆ. ಒಬ್ಬಳು ಮುದುಡಿ ಮಲಗುತ್ತಾಳೆ, ಒಬ್ಬ ಕೈಕಾಲು ಚಾಚಿ ಜಿಲ್ಲೆ ಹಿಡಿಯುತ್ತಾನೆ. ಖಾಜಾನ ಹೊಟ್ಟೆಗೆ ಎಷ್ಟು ಹತ್ತಿ ಬೇಕು ಎಂದು ಫಕ್ರುನ್ನೀಸಾ ಕೇಳಿದಾಗ ಎಲ್ಲರೂ ನಕ್ಕರು. ರಶೀದಾಳೂ ನಕ್ಕಳು, ಸದ್ದಿಲ್ಲದೆ.

ಅವಳು ಹಕ್ಕಿಗಳ ಚಿತ್ರವನ್ನು ಅಡುಗೆಮನೆಯ ಗೂಡಿನಲ್ಲಿ ಸಿಕ್ಕಿಸಿದ್ದಾಳೆ. ಒಗ್ಗರಣೆ ಸಿಡಿಯುತ್ತದೆ, ತೆಗಿ ಎಂದೆ. ಹೂಂ ಎಂದಳು. ತೆಗೆಯಲಿಲ್ಲ. ಅಷ್ಟು ಆಸೆ ಇವಳಿಗೂ ಇದೆ ಎಂದು ನನಗೆ ಗೊತ್ತಿರಲಿಲ್ಲ.

೨೨ ಜನವರಿ, ಭಾನುವಾರ. ಹರಿಹರ

ಇವತ್ತು ಪ್ರಯಾಣದ ತಾಲೀಮು ಮಾಡಿದೆವು. ಯೋಚನೆ ನನ್ನದೇ. ಸಮುದ್ರದ ಮೇಲೆ ಯಾರಿಗೆ ವಾಂತಿಯಾಗುತ್ತದೆ ಎಂದು ಮೊದಲೇ ಗೊತ್ತಾದರೆ ಅವರಿಗೆ ನಿಂಬೆಹಣ್ಣು, ಶುಂಠಿ ಎಷ್ಟು ಒಯ್ಯಬೇಕು ಎಂದು ಲೆಕ್ಕ ಸಿಗುತ್ತದೆ. ಸಮುದ್ರ ನಮ್ಮಲ್ಲಿಲ್ಲ, ತುಂಗಭದ್ರೆ ಇದೆ. ಗಂಟು, ಹಳೆಯ ಹಾಸಿಗೆಯ ಸುರುಳಿ, ಮಂಡಕ್ಕಿ ಡಬ್ಬಿ ಸಮೇತ ಹನ್ನೆರಡೂ ಜನ ನದಿಗೆ ಇಳಿದೆವು.

ತೆಪ್ಪದವನು ಬೀಡಿ ಆರಿಸಿ ನಮ್ಮನ್ನು ನೋಡಿದ. "ಎಲ್ಲಿಗೆ ಹೊಂಟೀರಿ ಅಜ್ಜಿ, ಇಷ್ಟು ಗಂಟು ಕಟ್ಕೊಂಡು?"

"ಸಿಂಗಪುರಕ್ಕೆ," ಎಂದಳು ಖಾಜಾನ ಕೊನೆಯ ಮಗಳು.

"ಹಂಗಾರ ದುಡ್ಡು ಮೊದ್ಲೇ ಕೊಟ್ಬಿಡ್ರಿ."

ನಾಲ್ಕು ನಾಲ್ಕು ಜನರಂತೆ ಕೂತೆವು. ನಾನು ತೆಪ್ಪವನ್ನು ಗರಗರ ತಿರುಗಿಸಪ್ಪ ಎಂದೆ. ಹಡಗು ಹೀಗೆ ತಿರುಗೋದಿಲ್ಲಮ್ಮ ಎಂದ ಖಾಜಾ. ತಿರುಗಿದರೆ ಎಂದೆ. ಅವನು ತಿರುಗಿಸಿದ. ಮಕ್ಕಳು ಕಿಲಕಿಲ ನಗುತ್ತಿದ್ದರು. ಸೇತುವೆ, ಗುಡಿಯ ಗೋಪುರ, ದಡದ ಬಟ್ಟೆಗಳು ಎಲ್ಲವೂ ಒಂದೇ ಬಿಳಿ ಬೆಳಕಾಗಿ ಕಲಸಿಹೋದವು. ನೀರಿನೊಳಗಿಂದಲೇ ಬೆಳಕು ಏಳುತ್ತಿದೆಯೋ ಎನ್ನುವಂತೆ. ಸುಬ್‌ಹಾನಲ್ಲಾ ಎಂದೆ. ಆಮೇಲೆ ನಾನು ವಾಂತಿ ಮಾಡಿದೆ. ನಾನೊಬ್ಬಳೇ. ಬೆಳಿಗ್ಗೆ ಫಕ್ರುನ್ನೀಸಾ ಕೊಟ್ಟ ಅವಲಕ್ಕಿ ಹಳಸಿತ್ತು.

ಇಳಿಯುವಾಗ ಮರಳು ಎಂದು ಕಾಲಿಟ್ಟೆ. ಅದು ಮೊಣಕಾಲುದ್ದ ನೀರು. ಬಿಸಿಲಿಗೆ ಹಾಗೆ ಕಾಣುತ್ತದೆ. ರಶೀದಾ ಯಾವಾಗ ನನ್ನ ಪಕ್ಕ ಬಂದಿದ್ದಳೋ, ಮೊಣಕೈ ಹಿಡಿದಳು. ಬಿಡಿಸಿಕೊಂಡೆ. ಅವಳು ಬಿಡಲಿಲ್ಲ.

೨೭ ಜನವರಿ, ಶುಕ್ರವಾರ

ಏನು ನಡೆಯಿತು ಎಂದು ಬರೆದುಬಿಡುತ್ತೇನೆ.

ಹಾಸ್ಟೆಲ್ಲಿನ ಗಾದಿಗೆ ಅಂಚು ಹೊಲಿಯುತ್ತ ಕೂತಿದ್ದೆ. ಬಸವಣ್ಣೆಮ್ಮ ಬಾಗಿಲಲ್ಲಿ ನಿಂತು ಕೂಗಿದಳು. ಎದ್ದೆ. ನನ್ನ ಜೊತೆ ಗಾದಿಯ ಮೂಲೆಯೂ ಎದ್ದಿತು. ಸೆರಗನ್ನು ಅಂಚಿಗೆ ಸೇರಿಸಿ ಗೇಣುದ್ದ ಹೊಲಿದುಬಿಟ್ಟಿದ್ದೆ.

ಅಂಗಳವೆಲ್ಲ ನಕ್ಕಿತು. "ಗಾದಿ ನಿನ್ನ ಬಿಡಾಕ ಒಲ್ಲೆ ಅಂತೈತೆ ಹಜೀರಕ್ಕ," ಎಂದಳು ಬಸವಣ್ಣೆಮ್ಮ. ನಾನೂ ನಕ್ಕೆ. ಜಮಾಲ್ ಹಿಂಜುವ ಕೋಣೆಯಿಂದ ತಲೆ ಹೊರಗೆ ಹಾಕಿ ನಕ್ಕು ಒಳಗೆ ಹೋದ. ನಗದೆ ಇದ್ದವಳು ರಶೀದಾ. ಕತ್ತರಿ ತಂದು ನನ್ನ ಕಾಲ ಬಳಿ ಕೂತು ಒಂದೊಂದೇ ಹೊಲಿಗೆ ಬಿಡಿಸಿದಳು. ನಾನು ಸುಮ್ಮನಿರಲಾರದೆ, "ಸೀರೆ ಹರಿದೀಯ, ನೋಡ್ಕೊಂಡು," ಎಂದೆ.

"ಬಿಚ್ಚೋದು ನನಗೇನು ಹೊಸದಲ್ಲ ಬಿಡ್ರಿ ಅತ್ತೆಮ್ಮ," ಎಂದಳು, ನನಗಷ್ಟೇ ಕೇಳುವಂತೆ.

ಮಧ್ಯಾಹ್ನದ ನಮಾಜಿನ ನಂತರ ಅಡುಗೆಮನೆಯಲ್ಲಿ ಹಿಡಿದು ಕೇಳಿದೆ.

"ಏನದು, ಹೊಸದಲ್ಲ ಅಂದ್ರೆ?"

"ನೀವು ಹೊಲಿದದ್ದನ್ನ ದಸರಾದಿಂದ ಬಿಚ್ಚಿ ಹೊಲೀತಿದೀನ್ರಿ."

"ಯಾಕ?"

"ಹೊಲಿಗೆ ಬಟ್ಟೆ ಬಿಟ್ಟು ಹೊರಗ ಹೋಗ್ತಿತ್ತು."

ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತೆ. ನೋಡುತ್ತ ಎಂದರೆ, ಬಿಳಿ ಹೊಗೆ ಕಾಣುತ್ತಿತ್ತು.

"ಜಮಾಲ್‌ಗೆ ಹೇಳೀಯಾ?"

"ಯಾರಿಗೂ ಹೇಳಿಲ್ರಿ."

"ಹೇಳಬ್ಯಾಡ. ಕುರುಡಿನ ಹಡಗು ಹತ್ತಿಸಿ ಏನು ತೋರಿಸೋದು ಅಂತಾರ. ಬಿಟ್ಟು ಹೋಗ್ತಾರ ನನ್ನ. ಇರೋ ಕಣ್ಣಾಗೇ ಖುದ್ದೂಸ್‌ನ ನೋಡಿ ಬರ್ತೀನಿ, ಆಮ್ಯಾಲೆ ಏನಾರ ಆಗ್ಲಿ."

"ಈ ಕಣ್ಣಾಗೆ ಹೋದ್ರ ಖುದ್ದೂಸ್ ಬಿಳಿ ಹೊಗೆ ಥರ ಕಾಣ್ತಾನ, ಅತ್ತೆಮ್ಮ."

ಹದಿನೈದು ವರ್ಷದಲ್ಲಿ ಅವಳು ನನಗೆ ಎದುರು ಹೇಳಿದ ಮೊದಲ ಮಾತು. ಹರಿಹರದಲ್ಲಿ ಮುಂದಿನ ತಿಂಗಳು ಕಣ್ಣಿನ ಕ್ಯಾಂಪ್ ಇದೆಯಂತೆ, ಪೊರೆ ತೆಗೆಯುತ್ತಾರಂತೆ, ಆರು ವಾರಕ್ಕೆ ಕನ್ನಡಕ. ಹಡಗು ಏಪ್ರಿಲ್ ಹನ್ನೆರಡಕ್ಕೆ. ಸಾಕಷ್ಟು ದಿನವಿದೆ ಎಂದಳು. ಎಲ್ಲವನ್ನೂ ಮೊದಲೇ ವಿಚಾರಿಸಿಟ್ಟಿದ್ದಾಳೆ.

"ಹಡಗು ತಪ್ಪಿದ್ರ?"

"ತಪ್ಪಿದ್ರ ನಿಮ್ ಜೊತೆ ನಾನೂ ಇಲ್ಲೇ ಇರ್ತೀನಿ. ಇಬ್ರೂ ಕೂತು ಮಂಡಕ್ಕಿ ತಿನ್ನೋಣ."

ಗೂಡಿನಲ್ಲಿ ಹಕ್ಕಿಗಳ ಚಿತ್ರವಿತ್ತು. ಅದರ ಬಣ್ಣಗಳು ಮಾತ್ರ ನನಗೆ ಕಾಣುತ್ತಿದ್ದವು. ಅವಳು ಆ ಕಡೆ ನೋಡಿದಳೋ ಇಲ್ಲವೋ ಹೇಳಲಾರೆ.

೧೧ ಫೆಬ್ರವರಿ, ಶನಿವಾರ. ಹರಿಹರ

ನಾಳೆ ಕತ್ತರಿಸುತ್ತಾರೆ. ಶಾಲೆಯ ಕೋಣೆಗಳಲ್ಲಿ ಸಾಲಾಗಿ ಮಲಗಿಸಿದ್ದಾರೆ. ನನ್ನ ಪಕ್ಕದಲ್ಲಿ ನಾಗಕ್ಕ ಎಂಬ ಹೆಂಗಸು, ಹೂವು ಕಟ್ಟುವವಳು. ಬಣ್ಣ ಕಾಣದಿದ್ದರೂ ವಾಸನೆಯಿಂದಲೇ ಮಾಲೆ ಕಟ್ಟುತ್ತಿದ್ದಳಂತೆ. ನಾನು ಸೀರೆ ಹೊಲಿದದ್ದನ್ನು ಹೇಳಿದೆ. ನಕ್ಕು ನಕ್ಕು ಇಬ್ಬರೂ ಡಾಕ್ಟರ ಕೈಲಿ ಬೈಸಿಕೊಂಡೆವು.

ಮಕ್ಕಳಿಗೆ ರಶೀದಾ ಹೇಳಿರುವುದು, ಅಜ್ಜಿಯ ಕಣ್ಣು ಒರೆಸಿ ಕಳಿಸುತ್ತಾರೆ ಎಂದು. ಜಮಾಲ್ ಮಾತ್ರ ಬಂದು ನನ್ನ ಕೈ ಹಿಡಿದು ಕೂತ. ಏನೂ ಕೇಳಲಿಲ್ಲ. ಅವಳು ಅವನಿಗೆ ಹೇಳಿಯೇ ಇರಬೇಕು. ಸಿಟ್ಟು ಬರಲಿಲ್ಲ.

೧೯ ಫೆಬ್ರವರಿ

ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಇದ್ದೂ ಇಲ್ಲದಂತೆ. ಕೈ ಹೋದ ಕಡೆ ಬರೆಯುತ್ತಿದ್ದೇನೆ, ಸಾಲಿನ ಮೇಲೆ ಸಾಲು ಹತ್ತಿರಬಹುದು. ಬಗ್ಗಬಾರದು, ಎತ್ತಬಾರದು, ಕೆಮ್ಮಬಾರದು, ಜೋರಾಗಿ ನಗಬಾರದು. ರಶೀದಾ ತುತ್ತು ಮಾಡಿ ಉಣಿಸುತ್ತಾಳೆ. ಅವಳ ಬಳೆ ಸದ್ದಿನಿಂದ ಎಷ್ಟು ದೂರವಿದ್ದಾಳೆ ಎಂದು ತಿಳಿಯುತ್ತದೆ.

೧೦ ಮಾರ್ಚ್, ಶನಿವಾರ

ದಾವಣಗೆರೆಗೆ, ನಮ್ಮ ಮನೆಗೆ ಬಂದು ಹದಿನೈದು ದಿನವಾಯಿತು. ಹಸಿರು ಬಟ್ಟೆಯ ಮರೆ ಕಟ್ಟಿಕೊಂಡು ಕೋಣೆಯಲ್ಲಿ ಕೂರುವುದು. ಹತ್ತಿಯ ಹತ್ತಿರ ಹೋಗಬೇಡಿ ಎಂದು ಡಾಕ್ಟರ ಅಪ್ಪಣೆ. ಪಿಂಜಾರರ ಮನೆಯಲ್ಲಿ ಹತ್ತಿಯಿಲ್ಲದ ಜಾಗ ಎಲ್ಲಿದೆ?

ಟಿಕೆಟ್ಟಿಗೆ ದುಡ್ಡು ಕಟ್ಟಿದ್ದಾಯಿತು, ಹೋಗಲು ಬರಲು ಎರಡೂ ಸೇರಿ. ಹಡಗಿನ ಗಾದಿಗಳು ಮಾತ್ರ ಉಳಿದಿದ್ದವು. ಇವತ್ತು ರಶೀದಾ ಸಂತೆಗೆ ಹೋಗಿದ್ದಳು. ನಾನು ಹಿಂಜುವ ಕೋಣೆಗೆ ಹೋಗಿ ಕೂತೆ. ಹೊಲಿಯಲು ಅಲ್ಲ, ಹತ್ತಿ ಸರಿಯಾಗಿ ಹಿಂಜಿದೆಯೇ ಎಂದು ಕೈಯಿಂದ ನೋಡಲು. ಖುದ್ದೂಸ್‌ಗೂ ಒಂದು ಹೊಲಿಸಬೇಕು ಅಂತಿತ್ತು. ನಾಲ್ಕು ವರ್ಷ ಯಾವುದರ ಮೇಲೆ ಮಲಗಿದ್ದಾನೋ. ಅವನ ಅಳತೆ ನನಗೆ ಗೊತ್ತು, ಬೆಳೆದಿರುವುದಿಲ್ಲ.

ಧೂಳಿಗೆ ಕೆಮ್ಮು ಬಂತು. ತಡೆದೆ. ತಡೆದಷ್ಟೂ ಬಂತು. ಈಗ ಕಣ್ಣು ಸ್ವಲ್ಪ ಉರಿಯುತ್ತಿದೆ, ಅಷ್ಟೇ.

೨೫ ಮಾರ್ಚ್, ಭಾನುವಾರ

ಎಲ್ಲಿಂದ ಬರೆಯಲಿ.

ಹರಿಹರದಲ್ಲಿ ಕನ್ನಡಕ ಕೊಟ್ಟರು. ಗಾಜು ಎಷ್ಟು ದಪ್ಪ ಎಂದರೆ ಮೂಗು ನೋಯುತ್ತದೆ. ಹಾಕಿದ ಕೂಡಲೇ ಡಾಕ್ಟರ ಮೀಸೆ ನನ್ನ ಮುಖಕ್ಕೇ ಬಂದು ಬಡಿಯಿತು ಎಂದು ಹಿಂದೆ ಸರಿದೆ. ಎಲ್ಲವೂ ದೊಡ್ಡದು, ಎಲ್ಲವೂ ಹತ್ತಿರ. ನನ್ನ ಕೈ ನೋಡಿಕೊಂಡೆ. ಬೆರಳ ಬಿರುಕುಗಳಲ್ಲಿ ಹತ್ತಿಯ ಎಳೆ ಒಂದೊಂದೂ ಕಂಡಿತು. ಪಕ್ಕಕ್ಕೆ ತಿರುಗಿದೆ. ರಶೀದಾ. ಕಿವಿಯ ಮೇಲೆ ನರೆಗೂದಲು, ಗಲ್ಲದ ಮೇಲೆ ಎಣ್ಣೆ ಸಿಡಿದ ಕಲೆ, ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದಳು. ಈ ಮನೆಗೆ ಬಂದಾಗ ಇವಳು ಎಳೆ ಹುಡುಗಿ. ಯಾವಾಗ ಹೀಗಾದಳು?

ಡಾಕ್ಟರು ಟಾರ್ಚ್ ಹಾಕಿ ನೋಡಿ ಕೆಮ್ಮಿದ್ದೀರಾ ಎಂದರು. ಇಲ್ಲ ಎಂದೆ. ಗಾಯ ಪೂರ್ತಿ ಕೂಡಿಲ್ಲ, ಇನ್ನು ಎರಡು ತಿಂಗಳು ಜೋಪಾನ ಎಂದರು. ಹಡಗಿನಲ್ಲಿ ಹೋಗಬೇಕು ಎಂದೆ. ಹಡಗಿನಲ್ಲಿ ವಾಂತಿಯಾಗುತ್ತದಾ, ವಾಂತಿಯ ಒತ್ತಡಕ್ಕೆ ಗಾಯ ಬಿಚ್ಚಿದರೆ ಕಣ್ಣು ಹೋದ ಹಾಗೇ ಎಂದರು.

"ನನಗೆ ಆಗಲ್ರಿ," ಎಂದೆ.

"ಆಗ್ತದ್ರಿ," ಎಂದಳು ರಶೀದಾ. "ತೆಪ್ಪದಾಗೇ ಆಗೈತೆ. ಕೆಮ್ಮೂ ಐತ್ರಿ ಅವರಿಗೆ."

ಮುಗಿಯಿತು. ಹೋಗಕೂಡದು ಎಂದು ಡಾಕ್ಟರು ಹೇಳಿಬಿಟ್ಟರು.

ಬಸ್ಸಿನಲ್ಲಿ ಅವಳ ಜೊತೆ ಮಾತಾಡಬಾರದು ಎಂದು ಕೂತಿದ್ದೆ. ಆದರೆ ಕಿಟಕಿಯಿಂದ ಬೇವಿನ ಮರ ಕಂಡಿತು. ಒಂದು ಮರಕ್ಕೆ ಎಷ್ಟು ಎಲೆ. ಒಂದೊಂದು ಎಲೆಗೂ ಬೇರೆ ಬೇರೆ ಅಂಚು, ಹಲ್ಲು ಹಲ್ಲಾಗಿ. "ಲೇ, ಎಲೆ ನೋಡು," ಎಂದುಬಿಟ್ಟೆ. ಸಿಟ್ಟು ನೆನಪಾಗಿ ಬಾಯಿ ಮುಚ್ಚಿದೆ. ಆಮೇಲೆ ಒಂದು ಎಮ್ಮೆಯ ಕೊಂಬು. ಆಮೇಲೆ ಮಿಲ್ಲಿನ ಚಿಮಣಿ, ಅದಕ್ಕೆ ಇಟ್ಟಿಗೆಗಳಿವೆ, ಸಾಲು ಸಾಲು. ಇಟ್ಟಿಗೆ ಇರುವುದು ಗೊತ್ತಿತ್ತು, ಕಾಣುತ್ತದೆ ಎಂದು ಗೊತ್ತಿರಲಿಲ್ಲ. ಆಕಾಶದಲ್ಲಿ ಗಿಳಿಗಳು ಹೋದವು. ಒಂದು ಹಿಂಡು, ಬಾಲ ಸಮೇತ. ಒಳಗೆ ಸಂಕಟ, ಕಣ್ಣಿಗೆ ಹಬ್ಬ. ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

ರಶೀದಾ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿದ್ದಳೋ ಸೆಖೆಯೋ ಎಂದು ಈ ಸಲ ನಾನು ಊಹಿಸಬೇಕಾಗಿರಲಿಲ್ಲ.

೧ ಏ‍ಪ್ರಿಲ್, ಭಾನುವಾರ

ಮೂರು ದಿನದಿಂದ ಮನೆಯಲ್ಲಿ ಯಾರೂ ಸರಿಯಾಗಿ ಉಂಡಿಲ್ಲ. ಯಾರೂ ಹೋಗೋದು ಬ್ಯಾಡ ಎನ್ನುತ್ತಾನೆ ಜಮಾಲ್. ದುಡ್ಡು ವಾಪಸ್ ಬರುವುದಿಲ್ಲ ಎನ್ನುತ್ತಾನೆ ಖಾಜಾ. ರಶೀದಾ ತನ್ನ ಗಾದಿಯ ಸುರುಳಿ ಬಿಚ್ಚಿ ಅಂಗಡಿಯ ಕಪಾಟಿಗೆ ಮಾರಾಟಕ್ಕೆ ಇಟ್ಟುಬಿಟ್ಟಿದ್ದಾಳೆ. ಹೇಳಿದ ಮಾತು ಹೇಳಿದ್ದೇ, ನಾನಿಲ್ಲೇ ಇರ್ತೀನಿ ಎನ್ನುತ್ತಾಳೆ.

ಇವತ್ತು ಅವಳನ್ನು ಕೂರಿಸಿಕೊಂಡೆ.

"ನನಗ ಹೋಗೋ ಟಿಕೆಟ್ ಒಂದು, ಬರೋ ಟಿಕೆಟ್ ಒಂದು. ಹೋಗೋದು ಹಾಳಾತು. ಬರೋದು ಯಾಕ ಹಾಳಾಗ್ಬೇಕು?"

ಅವಳಿಗೆ ಅರ್ಥವಾಗಲಿಲ್ಲ.

"ಬರುವಾಗ ಆ ಜಾಗದಾಗ ಖುದ್ದೂಸ್‌ನ ಕೂರಿಸ್ಕೊಂಡು ಬಾ. ಹೆಸರು ಬದಲು ಮಾಡಿ ಕೊಡ್ತಾರಂತ, ಏಜೆಂಟ್ ಹೇಳ್ಯಾನ, ಜಮಾಲ್‌ನ ಕೈಲಿ ಕೇಳಿಸೀನಿ."

"ಅದನ್ನ ಇವರಿಗೆ ಹೇಳ್ರಿ. ತಮ್ಮನ ಕರ್ಕೊಂಡ್ ಬರ್ತಾರ."

"ಜಮಾಲ್‌ಗೆ ಅವನು ಓವರ್‌ಟೈಮ್ ಅಂದ್ರೆ ಸಾಕು, ಹೌದಪ್ಪ ಅಂತಾನ. ಖಾಜಾ ಅವನ ಜೊತೆ ಕೂತು ಅಳ್ತಾನ. ಡಾಕ್ಟರ ಮುಂದೆ ನನ್ನ ಬಾಯಿ ಮುಚ್ಚಿಸಿದವಳು ನೀನು. ಅವನ ಬಾಯಿ ಮುಚ್ಚಿಸಾಕೂ ನೀನೇ ಬೇಕು."

"ನಿಮ್ಮನ್ನ ಯಾರು ನೋಡ್ಕೊಂತಾರ?"

"ಬಸವಣ್ಣೆಮ್ಮ ಐದಾಳೆ. ನಾನೂ ಈಗ ನೋಡ್ಕೊಂತೀನಿ, ಕಣ್ಣು ಯಾಕ ಮಾಡಿಸಿದ್ದು ನೀನು?"

ಎದ್ದು ಹೋಗಿ ಕಪಾಟಿನಿಂದ ತನ್ನ ಗಾದಿ ತೆಗೆದು ಮತ್ತೆ ಸುರುಳಿ ಸುತ್ತಿದಳು. ಆಮೇಲೆ ಹೂಂ ಎಂದಳು. ಆ ಹೂಂ ಬೇರೆ ಥರ ಕೇಳಿಸಿತು. ಅಥವಾ ಇವಳ ಹೂಂ ಯಾವಾಗಲೂ ಬೇರೆ ಬೇರೆ ಇತ್ತೋ ಏನೋ.

೮ ಏಪ್ರಿಲ್, ಭಾನುವಾರ

ಸ್ಟೇಷನ್ನಿಗೆ ಹೋಗಿ ಕಳಿಸಿ ಬಂದೆ. ಹನ್ನೊಂದು ಜನ, ಹನ್ನೊಂದು ಸುರುಳಿ, ಮೇಲೆ ಖುದ್ದೂಸ್‌ನದೊಂದು. ಪ್ಲಾಟ್‌ಫಾರಮ್ಮಿನಲ್ಲಿ ಯಾರೋ ಜಮಾಲ್‌ನನ್ನು ಗಾದಿ ರೇಟು ಕೇಳಿದರು.

ರೈಲು ಹೊರಟಾಗ ಕಿಟಕಿಗಳಲ್ಲಿ ಅವರ ಮುಖಗಳು ಒಂದೊಂದಾಗಿ ದೊಡ್ಡದಾಗಿ ಬಂದು ಹೋದವು. ಇಷ್ಟು ಜನ ನನ್ನವರು. ಮಕ್ಕಳ ಹಲ್ಲು, ಫಕ್ರುನ್ನೀಸಾಳ ಮೂಗುತಿ, ಜಮಾಲ್‌ನ ಗಡ್ಡದಲ್ಲಿ ಅವರಪ್ಪ ಮಕ್ತುಮ್ ಸಾಬರ ಗಡ್ಡ. ಬಸವಣ್ಣೆಮ್ಮ, "ಕಣ್ಣು ಒರೆಸ್ಕೋಬ್ಯಾಡ, ಡಾಕ್ಟರ್ ಹೇಳಿಲ್ವಾ," ಎಂದಳು. ಒರೆಸಿಕೊಳ್ಳಲಿಲ್ಲ. ಹಾಗೇ ನಿಂತು ನೋಡಿದೆ.

೨೪ ಏಪ್ರಿಲ್

ಅಂಗಡಿಯ ಮುಂದೆ ಕೂರುತ್ತೇನೆ. ಹೊಲಿದಿಟ್ಟದ್ದನ್ನು ಮಾರುವುದಷ್ಟೇ, ಹತ್ತಿಯ ಕೋಣೆಗೆ ಬೀಗ. ಬೀಗದ ಕೈ ಬಸವಣ್ಣೆಮ್ಮನ ಸೊಂಟದಲ್ಲಿ. ರಶೀದಾ ಅವಳಿಗೆ ಕೊಟ್ಟು ಹೋಗಿದ್ದಾಳೆ, ನನ್ನನ್ನು ನಂಬದೆ.

ಗಿರಾಕಿ ಇಲ್ಲದಾಗ ಓಣಿ ನೋಡುತ್ತೇನೆ. ಮೆಣಸಿನಕಾಯಿ ಬಜ್ಜಿ ಎಣ್ಣೆಯಲ್ಲಿ ಉಬ್ಬುವುದನ್ನು ಇವತ್ತು ಪೂರ್ತಿ ನೋಡಿದೆ. ಏನು ಅಂದ, ಏನು ಅಂದ.

೧೨ ಮೇ, ಶನಿವಾರ

ಬೆಳಿಗ್ಗೆ ಬಂದರು. ಹನ್ನೆರಡು ಜನ.

ಖುದ್ದೂಸ್ ಇಳಿದು ನನ್ನ ಹೆಗಲ ಮೇಲೆ ತಲೆ ಇಟ್ಟ. ಒಂದು ತಿಂಗಳ ರಜೆಯಂತೆ. ಓವರ್‌ಟೈಮ್ ಎಂದು ಶುರು ಮಾಡಿದ್ದನಂತೆ. "ಅತ್ತಿಗೆ ಕೇಳ್ಲೇ ಇಲ್ಲಮ್ಮ, ಮೇಸ್ತ್ರಿ ಮುಂದೇ ಹೋಗಿ ನಿಂತುಬಿಟ್ರು, ಕನ್ನಡದಾಗೇ ಮಾತಾಡಿದ್ರು. ಅವನಿಗೆ ಏನು ತಿಳೀತೋ, ಸಹಿ ಹಾಕಿದ."

ಸಂಜೆ ಓಣಿಯವರೆಲ್ಲ ಅಂಗಳದಲ್ಲಿ ಕೂತರು. ಜಮಾಲ್ ಹೇಳಲು ಶುರು ಮಾಡಿದ, ದೊಡ್ಡ ದ್ವೀಪ, ಚೆನ್ನಾಗಿದೆ ಎಂದ, ಅಲ್ಲಿಗೆ ಮುಗಿಯಿತು. ಖುದ್ದೂಸ್‌ಗೆ ಹೇಳು ಎಂದರು. ಅವನು ತಲೆ ತಗ್ಗಿಸಿದ.

"ಖುದ್ದೂಸ್‌ಗೇನು ಕೇಳ್ತೀರಿ," ಎಂದಳು ರಶೀದಾ. "ನಾಲ್ಕು ವರ್ಷದಾಗ ಒಂದಿನ ಆ ದ್ವೀಪದಾಗ ಕಾಲಿಟ್ಟಿಲ್ಲ. ನಮ್ಮ ಜೊತೆಗೇ ಮೊದಲ್ನೇ ಸಲ ಹೋಗಿದ್ದು."

"ಒಬ್ಬನೇ ಹೋಗಿ ಯಾರಿಗೆ ತೋರಿಸ್ಲಿ," ಎಂದ ಖುದ್ದೂಸ್.

ಆಮೇಲೆ ರಶೀದಾ ಹೇಳಿದಳು. ಯಾರೂ ಕೇಳದೆ ಹೇಳಿದಳು. ತಂತಿಯ ಡಬ್ಬಿ ಸಮುದ್ರದ ನಡುವೆ ಬಂದಾಗ ಖಾಜಾ ಕಣ್ಣು ಮುಚ್ಚಿ ಕಲಿಮಾ ಓದಿದ್ದು, ಹಕ್ಕಿಗಳ ತೋಟದಲ್ಲಿ ಉದ್ದ ಕಾಲಿನ ಗುಲಾಬಿ ಹಕ್ಕಿಗಳು ಒಂದೇ ಕಾಲಲ್ಲಿ ನಿಂತು ಮಲಗಿದ್ದು, ಜಲಪಾತದ ಹನಿ ಮುಖಕ್ಕೆ ಬಿದ್ದದ್ದು. ಕಾರಂಜಿ ಹೇಗೆ ಕುಣಿಯಿತು ಎಂದು ನಾನು ಕೇಳಿದೆ. ಹೇಳಲು ಆಗಲಿಲ್ಲ ಅವಳಿಗೆ; ಎದ್ದು ನಿಂತಳು. ಎರಡು ಕೈ ಮೇಲೆತ್ತಿ ಬಾಗಿಸಿದಳು, ಮತ್ತೆ ಎತ್ತಿದಳು, ಪಾದದ ಮೇಲೆ ತಿರುಗಿದಳು. ಸೆರಗು ಜಾರಿತು, ಅವಳಿಗೆ ಗಮನವಿಲ್ಲ. ಬಸವಣ್ಣೆಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ಬೆರಳುಗಳು ನಡುಗುತ್ತ ಇಳಿಯುವುದನ್ನು ಕಂಡೆ, ನೀರೇ ಇಳಿದ ಹಾಗೆ, ಒಂದೊಂದು ಹನಿ ಬೇರೆ ಬೇರೆ.

ಅವಳು ಮುಗಿಸುವಷ್ಟರಲ್ಲಿ ಖುದ್ದೂಸ್ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ಬಂದುಹೋಗುವವರ ಗದ್ದಲದಲ್ಲಿ ಅವನ ಮುಖವನ್ನು ಇನ್ನೂ ಸರಿಯಾಗಿ ನೋಡಿಲ್ಲ. ನಾಳೆ ನೋಡಬೇಕು.